ಟರ್ಬೊ ಆರುವ ಎರಡು ನಿಮಿಷ

ನಮ್ಮಲ್ಲಿ ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳುವುದಿಲ್ಲ. ಇಷ್ಟು ವರ್ಷ ‘ಇವರು’ ಎಂದೇ ನಡೆದುಹೋಗಿದೆ, ಇಲ್ಲಿಯೂ ಹಾಗೆಯೇ ನಡೆಯಲಿ. ಇವರದು ಮೂಡಲಗಿಯಲ್ಲಿ ಬೆಲ್ಲದ ಅಡತಿ ಅಂಗಡಿ, ಮನೆ ಗೋಕಾಕದಲ್ಲಿ. ಕುಲಗೋಡ ಮತ್ತು ಸುತ್ತಲಿನ ಗಾಣಗಳಿಂದ ಬಂದ ಬೆಲ್ಲವನ್ನು ತೂಗಿಸಿ, ಹರಾಜು ಮಾಡಿಸಿ, ಸಾಗಹಾಕಿ, ಸಂಜೆ ಮನೆಗೆ ಬರಬೇಕು. ಬರಬೇಕು ಅಂದರೆ ಹೊತ್ತು ಮುಳುಗುವುದರೊಳಗೆ ಬರಬೇಕು. ನಾವು ಜೈನರು. ಮನೆಯಲ್ಲಿ ಎಲ್ಲರೂ ಆ ನೇಮವನ್ನು ಒಂದೇ ಸಮ ಪಾಲಿಸುತ್ತಿದ್ದೆವು ಎಂದು ಹೇಳಿದರೆ ಸುಳ್ಳಾಗುತ್ತದೆ. ಮದುವೆ ಮುಂಜಿ ಅಂತ ಹೋದಲ್ಲಿ ನಾನು ಕತ್ತಲಾದ ಮೇಲೂ ಉಂಡಿದ್ದೇನೆ. ಇವರು ಮಾತ್ರ ಒಂದು ಚಾತುರ್ಮಾಸದಲ್ಲಿ ಮುನಿಗಳ ಮುಂದೆ ಕೈಮುಗಿದು ನೇಮ ಹಿಡಿದವರು. ಅಂದಿನಿಂದ ಎಂಟು ವರ್ಷ, ಹೊತ್ತು ಮುಳುಗಿದ ಮೇಲೆ ಒಂದು ಅಗುಳು ಇವರ ಬಾಯಿಗೆ ಹೋದದ್ದನ್ನು ನಾನು ಕಂಡಿಲ್ಲ.

ಮೊದಮೊದಲು ಬಸ್ಸಿಗೆ ಬರುತ್ತಿದ್ದರು. ಬಸ್ಸು ತಡವಾದ ದಿನ ಬಾಗಿಲಲ್ಲಿ ನಿಂತು ಪಡುವಣಕ್ಕೊಮ್ಮೆ ನೋಡಿ, “ಆತು ಬಿಡು” ಎಂದು ಕೈಕಾಲು ತೊಳೆದು ಮಲಗಿಬಿಡುತ್ತಿದ್ದರು. ಬಿಸಿ ರೊಟ್ಟಿ, ಎಣ್ಣೆಗಾಯಿ ಮಾಡಿಟ್ಟುಕೊಂಡು ಕೂತ ನನ್ನ ಹೊಟ್ಟೆ ಉರಿಯುತ್ತಿತ್ತು. ಇಷ್ಟರಲ್ಲಿ ಇವರಿಗೆ ಶುಗರ್ ಬಂತು. ಡಾಕ್ಟರು ಬೆಳಿಗ್ಗೆ ಒಂದು, ಸಂಜೆ ಒಂದು ಗುಳಿಗೆ ಬರೆದುಕೊಟ್ಟರು. ಊಟಕ್ಕೆ ಅರ್ಧ ತಾಸು ಮೊದಲು ನುಂಗಬೇಕು, ನುಂಗಿದ ಮೇಲೆ ಉಣ್ಣಲೇಬೇಕು, ಉಣ್ಣದಿದ್ದರೆ ರಕ್ತದ ಸಕ್ಕರೆ ತೀರಾ ಇಳಿದುಬಿಡುತ್ತದೆ. ಹಸಿದುಕೊಂಡು ಮಲಗುವ ಆಟ ಇನ್ನು ನಡೆಯುವಂತಿರಲಿಲ್ಲ. ಕಾರು ತಗೊಳ್ಳಿ ಎಂದು ಗಂಟುಬಿದ್ದವಳು ನಾನೇ.

ಕೊಲ್ಹಾಪುರದಲ್ಲಿ ನನ್ನ ಅಣ್ಣನಿಗೆ ಹಳೆಯ ಕಾರು ಕೊಡುವ, ಕೊಳ್ಳುವ ದಂಧೆ. ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಒಂದು ಭಾನುವಾರ ಅವನು ಕಪ್ಪು ಬಣ್ಣದ ಉದ್ದನೆಯ ವಿಲಾಯತಿ ಕಾರೊಂದನ್ನು ತಂದು ನಮ್ಮ ಅಂಗಳದಲ್ಲಿ ನಿಲ್ಲಿಸಿದ. “ದಾಜಿ, ಇದು ಟರ್ಬೊ. ಪೆಟ್ರೋಲ್ ಗಾಡಿಗೆ ಟರ್ಬೊ ಇದ್ದದ್ದನ್ನ ನಿಮ್ಮ ಗೋಕಾಕದಾಗ ಯಾರೂ ಕಂಡಿಲ್ಲ. ಕಾಲ ಒತ್ರಿ, ಹೊತ್ತ ಮುಳುಗೂದನ್ನ ನೀವs ನಿಂದರಸ್ತೀರಿ” ಎಂದು ಇವರಿಗೆ ಹೇಳಿದ. ನನಗೆ ಅಷ್ಟೇ ಸಾಕಾಗಿತ್ತು.

ಸಾವಿರದ ಎಂಟುನೂರು ಸಿಸಿ ಎಂಜಿನ್, ನಾಲ್ಕು ಸಿಲಿಂಡರ್, ಒಂದೊಂದಕ್ಕೆ ಐದೈದು ವಾಲ್ವ್, ನೂರೈವತ್ತು ಹಾರ್ಸ್ ಪವರ್. ಒಂದು ಸಿಲಿಂಡರಿಗೆ ಐದು ವಾಲ್ವ್ ಯಾಕೆ ಬೇಕು ಎಂದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಇವರಿಗಂತೂ ಇರಲೇ ಇಲ್ಲ. ಆದರೂ ಕೇಳಿದವರಿಗೆ, ಕೇಳದವರಿಗೆ, ಮಗನ ಮಾರ್ಕ್ಸ್ ಹೇಳುವಂತೆ ಹೇಳುತ್ತಿದ್ದರು. ಕಾರಿನಲ್ಲಿ ಕೂತರೆ ಅದರ ಸ್ವಭಾವ ತಿಳಿಯುತ್ತಿತ್ತು. ಕಾಲು ಒತ್ತಿದರೆ ಒಂದು ಗಳಿಗೆ ಏನೂ ಆಗುವುದಿಲ್ಲ. ಇದೇನು ಮಲಗಿತೋ ಎಂದು ನೋಡುವಷ್ಟರಲ್ಲಿ ಎಲ್ಲೋ ಒಳಗೆ ಸಣ್ಣಗೆ ಸೀಟಿ ಹಾಕಿದ ಸದ್ದು, ಆಮೇಲೆ ಹಿಂದಿನಿಂದ ಯಾರೋ ಜೋರಾಗಿ ನೂಕಿದಂತೆ ಮುಂದಕ್ಕೆ ನೆಗೆಯುತ್ತದೆ. ಮೊದಲ ದಿನ ನಾನು ಕಿರುಚಿಕೊಂಡೆ. ಇವರು ಹುಡುಗರ ಹಾಗೆ ನಕ್ಕರು. ಮದುವೆಯಾದಾಗಿನಿಂದ ಅಷ್ಟು ಬಾಯ್ತುಂಬ ನಕ್ಕದ್ದನ್ನು ನಾನು ನೋಡಿರಲಿಲ್ಲ.

ಕಾರಿನ ಜೊತೆ ದಪ್ಪನೆಯ ಇಂಗ್ಲಿಷ್ ಪುಸ್ತಕವೂ ಬಂದಿತ್ತು. ನಾನು ಬಿ.ಎ. ಓದಿದವಳು, ಆ ಪದವಿ ಮದುವೆಯಾದ ಮೇಲೆ ಮೊದಲ ಬಾರಿ ಕೆಲಸಕ್ಕೆ ಬಂತು. ಮಧ್ಯಾಹ್ನ ಕೂತು ಡಿಕ್ಷನರಿ ಇಟ್ಟುಕೊಂಡು ಓದಿ, ಸಂಜೆ ಇವರಿಗೆ ವರದಿ ಒಪ್ಪಿಸುತ್ತಿದ್ದೆ. ಟಾಯರಿಗೆ ಎಷ್ಟು ಗಾಳಿ, ಗಡಿಯಾರ ತಿದ್ದುವುದು ಹೇಗೆ, ಎಂಥ ಪೆಟ್ರೋಲು, ಎಂಥ ಎಣ್ಣೆ. ಒಂದು ಪುಟದಲ್ಲಿ ಇಷ್ಟೇ ಬರೆದಿತ್ತು: ಜೋರಾಗಿ ಓಡಿಸಿದ ಮೇಲೆ ಎಂಜಿನ್ನನ್ನು ತಟ್ಟನೆ ಆರಿಸಬೇಡಿ, ಎರಡು ನಿಮಿಷ ನಿಂತಲ್ಲೇ ನಡೆಯಲು ಬಿಟ್ಟು ಆಮೇಲೆ ಆರಿಸಿ. ಯಾಕೆ ಎಂಬುದಕ್ಕೆ ಒಂದು ಸಾಲು ಇತ್ತು, ಅದು ನನಗೆ ಅರ್ಥವಾಗಲಿಲ್ಲ. ಆದರೂ ಇವರಿಗೆ ಹೇಳಿದೆ. ಇವರೋ, ಹೇಳಿದ ಮಾತನ್ನು ಚಾಚೂ ತಪ್ಪದೆ ಮಾಡುವ ಮನುಷ್ಯ. ಒಂದು ವಾರ ದಿನಾ ಸಂಜೆ ಅಂಗಳಕ್ಕೆ ಬಂದು, ಎಂಜಿನ್ ಚಾಲೂ ಇಟ್ಟುಕೊಂಡು, ಸ್ಟೀರಿಂಗಿನ ಮೇಲೆ ಕೈಯಿಟ್ಟು, ಬಸದಿಯಲ್ಲಿ ಕೂತಷ್ಟು ಶಾಂತವಾಗಿ ಎರಡು ನಿಮಿಷ ಕೂರುತ್ತಿದ್ದರು.

ಎಂಟನೆಯ ದಿನವೋ ಒಂಬತ್ತನೆಯ ದಿನವೋ ಮೂಡಲಗಿಯಲ್ಲಿ ಹರಾಜು ತಡವಾಯಿತು. ಇವರ ಕಾರು ಅಂಗಳಕ್ಕೆ ಬಂದಾಗ ಹೊತ್ತು ಗುಡ್ಡದ ತುದಿಯಲ್ಲಿತ್ತು. ತಾಟು ಹಾಕಿ ಬಾಗಿಲಲ್ಲಿ ನಿಂತಿದ್ದೆ. ಇವರು ಇಳಿಯಲಿಲ್ಲ. ಕಾರಿನಲ್ಲೇ ಕೂತಿದ್ದಾರೆ! ನನ್ನ ಸಿಟ್ಟು ನೆತ್ತಿಗೇರಿತು.

“ಆ ಗಾಡಿ ಜೋಡಿ ಏನ್ ಮಾತಾಡ್ಕೋತ ಕುಂತೀರಿ? ಹೊತ್ತ ಮುಳುಗಿ ಹೊಂಟೈತಿ. ಲಗೂ ಬರ್ರಿ!”

“ಎರಡ ನಿಮಿಷ ಅಂತ ನೀನs ಹೇಳಿಯಲ್ಲ?”

“ಅದು ಚಳಿ ದೇಶದವರಿಗೆ ಬರೆದದ್ದರಿ. ನಮ್ಮ ಗೋಕಾಕಿಗೆ ಅಲ್ಲ. ಇಳೀರಿ ಮೊದಲ!”

ಇವರು ಕೀಲಿ ತಿರುಗಿಸಿ ಇಳಿದರು. ಊಟ ಹೊತ್ತಿನೊಳಗೆ ಆಯಿತು. ಅಂದಿನಿಂದ ಅದೇ ರೂಢಿಯಾಯಿತು. ಮೂಡಲಗಿಯಿಂದ ಬಾಣದ ಹಾಗೆ ಬರುವುದು, ಅಂಗಳದಲ್ಲಿ ನಿಂತ ಕೂಡಲೇ ಕೀಲಿ ತಿರುಗಿಸುವುದು, ಕಾಲು ತೊಳೆಯುವುದು, ತಾಟಿನ ಮುಂದೆ ಕೂರುವುದು. ಎರಡು ವರ್ಷ ಹಾಗೇ ನಡೆಯಿತು. ಆ ಎರಡು ವರ್ಷ ಒಂದು ಸಂಜೆಯೂ ಇವರು ಹಸಿದು ಮಲಗಲಿಲ್ಲ. ನಾನು ಗೆದ್ದೆ ಎಂದುಕೊಂಡಿದ್ದೆ.

ನಡುವೆ ಕಾರು ತನ್ನ ಕಷ್ಟ ಹೇಳಿಕೊಳ್ಳದೆ ಇರಲಿಲ್ಲ. ಒಮ್ಮೆ ಹೋಗುತ್ತ ಹೋಗುತ್ತ ಕುಂಟಲು ಶುರುಮಾಡಿತು, ಕಿಡಿ ಕೊಡುವ ಕಾಯಿಲು ಹೋಗಿದೆ ಎಂದರು. ಇನ್ನೊಮ್ಮೆ ಗಾಳಿ ಹೋಗುವ ರಬ್ಬರ್ ಪೈಪು ಬಿರಿದು ಶಕ್ತಿಯೇ ಇಲ್ಲದ ಎಮ್ಮೆಯಂತಾಯಿತು. ಪುಸ್ತಕದಲ್ಲಿ ಬರೆದ ಎಣ್ಣೆ ಗೋಕಾಕದಲ್ಲಿ ಸಿಗುತ್ತಿರಲಿಲ್ಲ. ಅಣ್ಣ ಕೊಲ್ಹಾಪುರದಿಂದ ಡಬ್ಬಿ ಕಳಿಸಬೇಕು, ಡಬ್ಬಿ ಬರುವಷ್ಟರಲ್ಲಿ ನಮ್ಮ ಮಿಸ್ತ್ರಿ ಟ್ರ್ಯಾಕ್ಟರಿಗೆ ಹಾಕುವ ಎಣ್ಣೆಯನ್ನೇ ಸುರಿದಿರುತ್ತಿದ್ದ. ಊರಿನ ಎಲ್ಲ ಟ್ರ್ಯಾಕ್ಟರು, ಜೀಪು ಅವನ ಕೈಯಲ್ಲೇ ಬದುಕಿದ್ದವು. ಈ ಕಾರಿನ ಬಾನೆಟ್ ತೆರೆದರೆ ಮಾತ್ರ ಅವನು ಎರಡೂ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. “ಅಕ್ಕಾರ, ಇದರಾಗ ಕೈ ಹಾಕಾಕ ಜಾಗಾನs ಬಿಟ್ಟಿಲ್ರಿ ಅವರು” ಎನ್ನುತ್ತಿದ್ದ. ಎಣ್ಣೆ ಸುರಿಯುವುದನ್ನು ನಾನು ಪುಸ್ತಕ ಹಿಡಿದುಕೊಂಡು ನೋಡುತ್ತಿದ್ದೆ. ತಪ್ಪು ಎಂದು ಗೊತ್ತಿತ್ತು. ಸುರಿಯಬೇಕಾದ ಎಣ್ಣೆ ಮಾತ್ರ ನನ್ನ ಕೈಯಲ್ಲಿರಲಿಲ್ಲ.

ಅದು ಡಿಸೆಂಬರ್ ತಿಂಗಳು. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿಯಲ್ಲಿ ಇವರಿಗೆ ಬೆಲ್ಲದ ವ್ಯವಹಾರ, ನನಗೆ ಅಲ್ಲಿ ಒಬ್ಬ ಹಳೆಯ ಗೆಳತಿ. ಇಬ್ಬರೂ ಕೂಡಿ ಹೋಗಿದ್ದೆವು. ಮಧ್ಯಾಹ್ನ ಇವರು ಅವಸರದಲ್ಲಿ ಅರ್ಧ ರೊಟ್ಟಿ ತಿಂದದ್ದನ್ನು ನಾನು ಗಮನಿಸಿದ್ದೆ. ಹೊರಡುವಾಗ ಒಂದು ಗಾಣದವರು ನಮೂನೆಗೆಂದು ಒಂದು ಪೆಂಟಿ, ಅಂದರೆ ಒಂದು ಗಟ್ಟಿ ಅಚ್ಚು ಬೆಲ್ಲ ಹಿಂದಿನ ಸೀಟಿನಲ್ಲಿಟ್ಟರು. ಶುಗರ್ ಬಂದ ಮೇಲೆ ಇವರು ಬೆಲ್ಲವನ್ನು ನಾಲಿಗೆಗೆ ಹಚ್ಚುತ್ತಿರಲಿಲ್ಲ. ಮುರಿದು, ಮೂಸಿ, ಬೆರಳಲ್ಲಿ ತಿಕ್ಕಿ ನೋಡಿಯೇ ದರ ಹೇಳುತ್ತಿದ್ದರು. ಆ ಕಟ್ಟಳೆ ಹಾಕಿದವಳೂ ನಾನೇ.

ಘಟಪ್ರಭಾ ದಾಟಿ ಧುಪದಾಳದ ಒಡ್ಡು ಕಂಡಾಗ ಇವರು ಜೇಬಿನಿಂದ ಗುಳಿಗೆ ತೆಗೆದು ನುಂಗಿದರು. ಹುಕ್ಕೇರಿ ಕಡೆ ಹೋದಾಗಲೆಲ್ಲ ಇವರ ಲೆಕ್ಕ ಅದೇ. ಧುಪದಾಳದಲ್ಲಿ ಗುಳಿಗೆ, ಅರ್ಧ ತಾಸಿಗೆ ಗೋಕಾಕದಲ್ಲಿ ತಾಟು. ಡಾಕ್ಟರು ಹೇಳಿದ ಅರ್ಧ ತಾಸನ್ನು ಇವರು ಆ ಕಾರಿನ ಓಟದ ಮೇಲೆ ಕಟ್ಟಿಕೊಂಡಿದ್ದರು.

ಕಬ್ಬಿನ ಸೀಜನ್. ರಸ್ತೆಯ ತುಂಬ ಟ್ರ್ಯಾಕ್ಟರುಗಳು. ಮೂರು ಖಾಲಿ ಟ್ರೇಲರುಗಳನ್ನು ಒಂದೇ ಉಸಿರಿಗೆ ದಾಟಲೆಂದು ಇವರು ಕಾಲು ಒತ್ತಿದರು. ಸೀಟಿ ಬಂತು. ಆದರೆ ಅದು ದಿನದ ಸೀಟಿಯಾಗಿರಲಿಲ್ಲ, ಕಬ್ಬಿಣಕ್ಕೆ ಕಬ್ಬಿಣ ತಿಕ್ಕಿದ ಕಿರುಚಾಟ. ಹಿಂದೆ ತಿರುಗಿ ನೋಡಿದರೆ ಟ್ರ್ಯಾಕ್ಟರುಗಳೇ ಕಾಣದಷ್ಟು ನೀಲಿ ಹೊಗೆ. ಸ್ಟೀರಿಂಗಿನ ಮುಂದೆ, ಎಂಜಿನ್ ಎಣ್ಣೆ ಸಾಲದಾದಾಗ ಬರುವ ದೀಪ ಕೆಂಪಗೆ ಹೊತ್ತಿತು. ಇವರು ಕಾರನ್ನು ಒಂದು ಬೇವಿನ ಮರದ ಕೆಳಗೆ ತಂದು ನಿಲ್ಲಿಸಿದರು. ಎಂಜಿನ್ ತಾನೇ ಆರಿತು.

ಹೊತ್ತು ಇನ್ನೂ ಎರಡಾಳು ಎತ್ತರ ಇತ್ತು. ನಾನು ಕೊಲ್ಹಾಪುರಕ್ಕೆ ಫೋನ್ ಹಚ್ಚಿದೆ. “ಕೆಂಪು ದೀಪ ಬಂದ ಮ್ಯಾಲ ಚಾಲೂ ಮಾಡಬ್ಯಾಡ್ರಿ” ಎಂದು ಅಣ್ಣ ಅಲ್ಲಿಂದ ಹೇಳಿದ. ಅಲ್ಲಿಂದ ಅವನಾದರೂ ಇನ್ನೇನು ಮಾಡಿಯಾನು? ಗೋಕಾಕದ ಮಿಸ್ತ್ರಿಗೆ ಹಚ್ಚಿದೆ. ಜೀಪು, ಹಗ್ಗ ತಗೊಂಡು ಹೊರಟೆ ಎಂದ. ಒಂದು ಬಸ್ಸು ಬಂತು, ಬಾಗಿಲಲ್ಲೇ ಜನ ಜೋತಾಡುತ್ತಿದ್ದರು, ನಿಲ್ಲಲಿಲ್ಲ. ನಾನು ಹಿಂದಿನ ಸೀಟಿನಿಂದ ಬೆಲ್ಲದ ಪೆಂಟಿ ತೆಗೆದೆ.

“ಒಂದ ಚೂರ ಬಾಯಾಗ ಹಾಕ್ಕೊರಿ. ಹೊತ್ತ ಇನ್ನಾ ಐತಿ.”

“ಶುಗರ್ ಇದ್ದಾಂವ ಬೆಲ್ಲಾ ತಿನ್ನಬೇಕೇನ? ನೀನs ಬ್ಯಾಡ ಅಂದಾಕಿ. ಇನ್ನೊಂದ ಬಸ್ ಬರತೈತಿ ಸುಮ್ಮನಿರು.”

ಸುಮ್ಮನಿದ್ದೆ. ಆ ಹತ್ತು ನಿಮಿಷ ಯಾಕೆ ಸುಮ್ಮನಿದ್ದೆ ಎಂದು ಇಂದಿಗೂ ನನ್ನನ್ನು ನಾನು ಬೈದುಕೊಳ್ಳುತ್ತೇನೆ. ಇನ್ನೊಂದು ಬಸ್ಸು ಬರಲಿಲ್ಲ. ಹೊತ್ತು ಕಬ್ಬಿನ ಗದ್ದೆಯ ಮೇಲೆ ಕೂತು, ಅರ್ಧವಾಗಿ, ಇಲ್ಲವಾಯಿತು. ಇವರು ಅತ್ತ ನೋಡಿ ಕೈಮುಗಿದರು. ಸ್ವಲ್ಪ ಹೊತ್ತಿಗೆಲ್ಲ ಡಿಸೆಂಬರಿನ ಚಳಿಯಲ್ಲಿ ಇವರ ಹಣೆಯ ಮೇಲೆ ಬೆವರು ಮೂಡಿತು.

“ಬಾಯಿ ತಗೀರಿ” ಅಂದೆ.

“ಹೊತ್ತ ಮುಳುಗೇತಿ.”

“ನಿಮ್ಮ ಕಾಲ ಬೀಳತೇನ್ರಿ.”

“ಮುಳುಗೇತಿ ಅಂದ್ನಲ್ಲ.”

ಹಲ್ಲು ಕಚ್ಚಿ ಕೂತರು. ನಾನು ಅತ್ತೆ, ಬೈದೆ, ಮುನಿಗಳ ಹೆಸರು ಹೇಳಿ ಬೇಡಿಕೊಂಡೆ. ಎಂಟು ವರ್ಷದ ನೇಮ ಮುರಿಯಲು ಹೇಳುವುದಕ್ಕೆ ನಾನ್ಯಾರು? ಹೇಳದೆ ಸುಮ್ಮನೆ ನೋಡುತ್ತ ಕೂರುವುದಕ್ಕಾದರೂ ನಾನ್ಯಾರು? ಪಕ್ಕದಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಕಾರ್ಖಾನೆಯ ಕಡೆ ಹೋಗುತ್ತಿದ್ದವು. ರಸ್ತೆಯ ಆಚೆಗೂ ಈಚೆಗೂ ಕಬ್ಬು, ನನ್ನ ತೊಡೆಯ ಮೇಲೆ ಬೆಲ್ಲ. ಅದರ ನಡುವೆ ಇವರು ಸಕ್ಕರೆ ಸಾಲದೆ ಕುಸಿಯುತ್ತಿದ್ದರು. ಎಲ್ಲೋ ದೂರದ ಮಸೀದಿಯಿಂದ, ಹೊತ್ತು ಮುಳುಗಿದ ಮೇಲೆ ಕೂಗುವ ಬಾಂಗ್ ಕೇಳಿಸಿತು. ಇವರ ಮಾತು ತೊದಲಿತು. “ಅಂಗಡಿ ಬಾಗಲಾ ಹಾಕೀಯೇನು” ಎಂದು ನನ್ನನ್ನು ಕೇಳಿದರು. ಕುತ್ತಿಗೆ ಪಕ್ಕಕ್ಕೆ ವಾಲಿತು.

ಪೆಂಟಿಯನ್ನು ಕಾರಿನ ಬಾಗಿಲಿಗೆ ಬಡಿದು ಮುರಿದೆ. ಇವರ ಗದ್ದ ಹಿಡಿದು, ಪುಡಿ ಬೆಲ್ಲವನ್ನು ಕೆನ್ನೆಯೊಳಗೆ ಸವರಿದೆ. ಮತ್ತೆ ಸವರಿದೆ. ಬಾಯಿ ಮೆಲ್ಲಗೆ ಆಡಿತು, ಗಂಟಲು ಅಲುಗಿತು. ಎಷ್ಟು ಸಲ ಇಟ್ಟೆನೋ ಗೊತ್ತಿಲ್ಲ. ಬೆರಳೆಲ್ಲ ಅಂಟು ಅಂಟು. ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಬಿಟ್ಟು ನನ್ನನ್ನು ಗುರುತಿಸಿದರು. ಅಷ್ಟರಲ್ಲಿ ಮಿಸ್ತ್ರಿಯ ಜೀಪಿನ ದೀಪ ಕಂಡಿತು.

ಹಗ್ಗ ಕಟ್ಟಿ ಎಳೆಸಿಕೊಂಡು ಗೋಕಾಕಕ್ಕೆ ಬರುವಾಗ ಮಿಸ್ತ್ರಿಯ ಜೊತೆಗಿದ್ದವನು ನಮ್ಮ ಸ್ಟೀರಿಂಗ್ ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಇವರು ನನ್ನ ಭುಜಕ್ಕೆ ಒರಗಿದ್ದರು. ಊರಿನ ದೀಪ ಕಂಡಾಗ ಕೇಳಿದರು.

“ಬೆಲ್ಲಾ ಹಾಕಿದಾಗ ಹೊತ್ತ ಇತ್ತೇನ?”

“ಇತ್ತರಿ.”

“ಖರೆ?”

“ಖರೆ.”

ಆಸ್ಪತ್ರೆಯಲ್ಲಿ ಡಾಕ್ಟರು ಬೆಲ್ಲ ಕೊಟ್ಟದ್ದು ಚಲೋ ಆಯಿತು, ಇಲ್ಲದಿದ್ದರೆ ಕಠಿಣವಿತ್ತು ಎಂದರು. ಯಾವಾಗ ಕೊಟ್ಟಿರಿ ಎಂದೂ ಕೇಳಿದರು. ಇವರು ಮಂಚದ ಮೇಲಿಂದ ನನ್ನ ಮುಖವನ್ನೇ ನೋಡುತ್ತಿದ್ದರು. “ಹೊತ್ತ ಮುಳುಗೂಕಿಂತ ಮೊದಲರಿ” ಅಂದೆ. ಡಾಕ್ಟರು ಸಂಜೆಯ ಗುಳಿಗೆ ತೆಗೆದುಹಾಕಿ, ಬೆಳಿಗ್ಗೆ ಮಾತ್ರ ನುಂಗುವ ಬೇರೆ ಗುಳಿಗೆ ಬರೆದರು. ಅಷ್ಟು ಸುಲಭವಿತ್ತು. ಮೊದಲೇ ಕೇಳಬೇಕು ಎಂದು ನಮಗಿಬ್ಬರಿಗೂ ಹೊಳೆದಿರಲಿಲ್ಲ.

ಕಾರನ್ನು ಲಾರಿಯ ಮೇಲೆ ಹೇರಿ ಬೆಳಗಾವಿಗೆ ಕಳಿಸಿದೆವು. ಎಂಟು ದಿನ ಬಿಟ್ಟು ಇಬ್ಬರೂ ಹೋದೆವು. ಅಲ್ಲಿನ ಮೆಕ್ಯಾನಿಕ್ ವಯಸ್ಸಾದ ಮನುಷ್ಯ, ಮೇಜಿನ ಮೇಲೆ ಬಸವನ ಹುಳದ ಚಿಪ್ಪಿನ ಆಕಾರದ ಒಂದು ಕಬ್ಬಿಣದ ತುಂಡು ಇಟ್ಟಿದ್ದ. ಅದೇ ಟರ್ಬೊ. ಇಷ್ಟು ದಿನ ನಮ್ಮನ್ನು ನೂಕಿದ್ದು ಅಂಗೈ ಅಗಲದ ಆ ತುಂಡೇ ಎಂದು ನಂಬಲಾಗಲಿಲ್ಲ. ಒಳಗಿನ ಸಣ್ಣ ಚಕ್ರವನ್ನು ಬೆರಳಿನಿಂದ ಮುಟ್ಟಿದ, ಅದು ಗಡಗಡ ಅಲುಗಿತು.

“ಸಾವ್ಕಾರ್ರ, ಎಂಜಿನ್ ಬಿಟ್ಟ ಹೊಗಿ ಈ ಚಕ್ರಾ ತಿರಗಸ್ತೈತಿ. ಆ ಕಡಿ ಚಕ್ರಾ ಎಂಜಿನ್ನಿಗೆ ಗಾಳಿ ತುರಕತೈತಿ. ನಿಮಿಷಕ್ಕ ಲಕ್ಷ ಸುತ್ತ ತಿರಗತೈತ್ರಿ, ಕೆಂಡ ಆಗಿರತೈತಿ. ಇದನ್ನ ತಂಪ ಇಡೂದು ಎಣ್ಣಿ. ನೀವು ಓಡಿಸ್ಕೋತ ಬಂದು ಟಪ್ ಅಂತ ಬಂದ್ ಮಾಡಿದ್ರಿ ಅಂದ್ರ ಎಣ್ಣಿ ನಿಂತಬಿಡತೈತಿ, ಚಕ್ರಾ ನಿಂದ್ರೂದಿಲ್ಲ. ಇದ್ದ ಎಣ್ಣಿ ಅಲ್ಲೇ ಸುಟ್ಟ ಕರಕಾಗತೈತಿ.”

ಇವರು ಆ ಕಪ್ಪು ಕರಕನ್ನು ಉಗುರಿನಿಂದ ಕೆರೆದು ಮೂಸಿದರು. “ಬೆಲ್ಲದ ಪಾಕ ತಳಾ ಹಿಡಿದಂಗ” ಎಂದರು.

“ಹೌದ್ರಿ, ಹಂಗs. ಒಲಿ ಸಣ್ಣ ಮಾಡಬೇಕ. ಎರಡ ನಿಮಿಷ ಸುಮ್ನ ಬಿಟ್ಟಿದ್ರ ಸಾಕಿತ್ತ. ಬುಕ್ಕಿನ್ಯಾಗ ಬರದಿರತಾರ, ಯಾರ್ ಓದತಾರ್ರಿ? ಗಾಡಿ ಯಾರ್ ಓಡಸ್ತಿದ್ರಿ, ಬಂದ ಕೂಡಲೇ ಬಂದ್ ಮಾಡವರು ಯಾರು?”

ಬಾಗಿಲಲ್ಲಿ ನಿಂತು ಕೂಗಿದ ನನ್ನದೇ ದನಿ ನನಗೆ ಕೇಳಿಸುತ್ತಿತ್ತು. ಹೇಳಬೇಕು ಎಂದು ಬಾಯಿ ತೆರೆದೆ.

“ನಾನs” ಎಂದರು ಇವರು. “ನಂದs ಅವಸರ.”

ಊರಿಗೆ ಮರಳುವ ದಾರಿಯುದ್ದಕ್ಕೂ ನಾನು ಕಿಟಕಿಯ ಹೊರಗೆ ನೋಡುತ್ತ ಬಂದೆ. ಇವರಿಗೆ ಹೇಳದೆ ಉಳಿಸಿಕೊಂಡ ನಿಜ ಎಂಟು ದಿನದಿಂದ ಒಂದಿತ್ತು, ಈಗ ಎರಡಾಯಿತು.

ಬೇರೆ ಟರ್ಬೊ ಹಾಕಿಸಿ ಕಾರು ಮನೆಗೆ ಬಂತು. ಇವರು ಮತ್ತೆ ಮೂಡಲಗಿಗೆ ಹೋಗಿಬರತೊಡಗಿದರು. ಸಂಜೆ ಅಂಗಳದಲ್ಲಿ ಎಂಜಿನ್ ಚಾಲೂ ಇಟ್ಟು ಎರಡು ನಿಮಿಷ ಕೂರುತ್ತಿದ್ದರು. ನಾನು ಬಾಗಿಲಲ್ಲಿ ನಿಲ್ಲುತ್ತಿದ್ದೆ. ಒಮ್ಮೆ ಕಾರನ್ನು, ಒಮ್ಮೆ ಗುಡ್ಡವನ್ನು ನೋಡುತ್ತಿದ್ದೆ. ಕರೆಯುತ್ತಿರಲಿಲ್ಲ. ಕರೆಯುವ ಬಾಯಿ ನನ್ನಲ್ಲಿ ಉಳಿದಿರಲಿಲ್ಲ.

ಜನವರಿಯ ಒಂದು ಸಂಜೆ ದಾರಿಯಲ್ಲಿ ಕಬ್ಬಿನ ಟ್ರೇಲರು ಮಗುಚಿ ಇವರು ತಡವಾಗಿ ಬಂದರು. ಅಂಗಳಕ್ಕೆ ಕಾರು ಬಂದಾಗ ಗುಡ್ಡದ ಮೇಲೆ ಕೆಂಪು ಅಂಚು ಮಾತ್ರ ಇತ್ತು. ಇವರು ಕೂತರು. ಮೊದಲನೆಯ ನಿಮಿಷ ಕಳೆಯಿತು. ಎರಡನೆಯ ನಿಮಿಷದ ನಡುವೆ, ನಾನು ನೋಡುತ್ತಿದ್ದಂತೆಯೇ, ಆ ಅಂಚೂ ಹೋಯಿತು. ಇವರು ಕೀಲಿ ತಿರುಗಿಸಿ ಇಳಿದರು. ಕಾಲು ತೊಳೆದು ಹೊಸ್ತಿಲಿಗೆ ಬಂದರು. ಯಾವಾಗಲೂ ಪಡುವಣಕ್ಕೆ ತಿರುಗಿ ತಾವೇ ನೋಡುವವರು ಅಂದು ತಿರುಗಲಿಲ್ಲ. ನನ್ನನ್ನು ನೋಡಿ ಕೇಳಿದರು.

“ಹೊತ್ತ ಐತೇನ?”

ಐತಿ ಎನ್ನಬಹುದಿತ್ತು. ನಂಬಿ ಕೂತು ಉಣ್ಣುತ್ತಿದ್ದರು. ಆದರೆ ಇನ್ನೊಂದು ಸುಳ್ಳು ಹೊರುವ ಶಕ್ತಿ ನನಗಿರಲಿಲ್ಲ.

“ಇಲ್ರಿ. ಮುಳುಗೇತಿ.”

“ಹಂ” ಎಂದು ಹೊಸ್ತಿಲ ಮೇಲೇ ನಿಂತರು. ನಾನು ತಾಟು ಹಿಡಿದುಕೊಂಡು ಅಲ್ಲೇ ಅಳತೊಡಗಿದೆ.

“ಅವತ್ತ ಧುಪದಾಳದ ಹಂತೇಕನೂ ಮುಳುಗಿತ್ತರಿ. ನಾ ನಿಮಗ ಸುಳ್ಳ ಹೇಳಿದೆ. ನಿಮ್ಮ ನೇಮಾ ನಾನs ಮುರಿದೇನಿ. ಗಾಡೀನೂ ನಾನs ಕೆಡಿಸಿದೆ, ಲಗೂ ಬರ್ರಿ, ಲಗೂ ಬರ್ರಿ ಅಂತ.”

ಇವರು ನನ್ನ ಕೈಯಿಂದ ತಾಟು ತೆಗೆದುಕೊಂಡು ಕೆಳಗಿಟ್ಟರು.

“ಗೊತ್ತಿತ್ತ” ಎಂದರು. “ಬಾಂಗ್ ನನಗೂ ಕೇಳಿಸಿತ್ತ. ನೀ ಬಾಯಾಗ ಇಟ್ಟಿ, ಖರೆ. ನುಂಗಿದಾಂವ ನಾನs ಅಲ್ಲೇನ?”

ಇವರು ಒಂದು ಲೋಟ ನೀರನ್ನೂ ಕುಡಿಯದೆ ಒಳಗೆ ಹೋಗಿ ಮಲಗಿದರು. ನಾನು ಆ ತಾಟಿನ ಮೇಲೆ ಇನ್ನೊಂದು ತಾಟು ಮುಚ್ಚಿ, ಉಣ್ಣದೆ ಹೊಸ್ತಿಲ ಮೇಲೆ ಕೂತೆ. ಅಂಗಳದಲ್ಲಿ ಎಂಜಿನ್ ಟಿಕ್ ಟಿಕ್ ಎನ್ನುತ್ತ ಇನ್ನೂ ಆರುತ್ತಿತ್ತು.